ಗಾಳಿ ತೆಗೆದ ಚೀಲದಲ್ಲಿ ತೊಗರಿ, ಅವರೆ: ಹುಳು ಬೀಳದಂತೆ ಕಾಳು ಮತ್ತು ಬೀಜದ ಸಂಗ್ರಹಣೆ

ತೊಗರಿ ಒಕ್ಕಣೆ ಮುಗಿದಿದೆ. ಮಾರುವಷ್ಟನ್ನು ಮಾರಿ, ಮನೆಗೂ ಮುಂದಿನ ಬಿತ್ತನೆಗೂ ಬೇಕಾದ ಎರಡು ಮೂರು ಚೀಲಗಳನ್ನು ನಡುಮನೆಯ ಮೂಲೆಯಲ್ಲಿ ಒಟ್ಟಿದ್ದೀರಿ. ಜನವರಿಯಲ್ಲಿ ಆ ಕಾಳು ನೋಡಲು ಚೆಂದ. ಯುಗಾದಿ ಕಳೆದು ಮೇ ತಿಂಗಳಲ್ಲಿ ಚೀಲದ ಬಾಯಿ ಬಿಚ್ಚಿದಾಗ ಒಳಗಿಟ್ಟ ಕೈಗೆ ಬಿಸಿ ತಟ್ಟುತ್ತದೆ, ಬಿಳಿ ಹುಡಿ ಹಾರುತ್ತದೆ, ಕಂದು ಬಣ್ಣದ ಪುಟ್ಟ ದುಂಬಿಗಳು ಮೊಣಕೈವರೆಗೆ ಹತ್ತುತ್ತವೆ. ಒಂದೊಂದು ಕಾಳಿನಲ್ಲೂ ಸೂಜಿಯಿಂದ ಕೊರೆದಂತೆ ಗುಂಡನೆಯ ತೂತು. ಇದು ಯಾವುದೋ ಒಂದು ಊರಿನ ಮಾತಲ್ಲ. ತೊಗರಿ, ಅವರೆ, ಅಲಸಂದೆ, ಹೆಸರು, ಕಡಲೆ ಬೆಳೆಯುವ ಎಲ್ಲ ಕಡೆಯೂ ಪ್ರತಿ ವರ್ಷ ನಡೆಯುವ ಸಂಗತಿ.

ಬೆಲೆ ಬರುವವರೆಗೆ ಕಾಯೋಣವೆಂದು ಕಾಳನ್ನು ಇಟ್ಟುಕೊಳ್ಳುವ ರೈತನಿಗೆ ಈ ಹುಳುವೇ ಅವಸರ ಮಾಡುತ್ತದೆ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಘೋಷಿಸಿದ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ. ಇಷ್ಟು ಬೆಲೆಯ ಮಾಲನ್ನು ನಾವು ಗಾಳಿ ಬೆಳಕು ಸರಾಗವಾಗಿ ಓಡಾಡುವ ಗೋಣಿಚೀಲದಲ್ಲಿ ತುಂಬಿ, ಮೇಲೊಂದು ಹಿಡಿ ಬೇವಿನ ಸೊಪ್ಪು ಹಾಕಿ ದೇವರ ಮೇಲೆ ಭಾರ ಹಾಕುತ್ತೇವೆ. ಗಾಳಿಯನ್ನೇ ತೆಗೆದುಹಾಕಿ ಕಾಳನ್ನು ಕಾಪಾಡುವ ವಿಧಾನವೊಂದಿದೆ. ಅದರ ಒಳಿತು, ಅಪಾಯ ಎರಡನ್ನೂ ಇಲ್ಲಿ ವಿವರಿಸಿದ್ದೇನೆ.

ಹುಳು ಬರುವುದು ಹೊಲದಿಂದ

ಹುಳು ಚೀಲದಲ್ಲಿ ತಾನಾಗಿ ಹುಟ್ಟುತ್ತದೆಂದು ನಂಬಿದವರು ಇನ್ನೂ ಇದ್ದಾರೆ. ನಿಜ ಬೇರೆ. ಕಾಯಿ ಬಲಿತು ಒಣಗುವ ಹೊತ್ತಿಗೆ ಹೆಣ್ಣು ದುಂಬಿ ಹೊಲಕ್ಕೆ ಹಾರಿಬಂದು ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿ ಕಾಳಿನೊಳಗೆ ಸೇರಿಕೊಳ್ಳುತ್ತದೆ. ಒಕ್ಕುವಾಗ, ತೂರುವಾಗ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅಂತಹ ನಾಲ್ಕು ಕಾಳು ಚೀಲ ಸೇರಿದರೆ ಸಾಕು. ಒಳಗೇ ಬೆಳೆದು, ಕೋಶವಾಗಿ, ದುಂಬಿಯಾಗಿ, ಕಾಳಿಗೊಂದು ಗುಂಡು ಕಿಟಕಿ ಕೊರೆದು ಹೊರಬರುತ್ತದೆ. ಈ ಸುತ್ತಿಗೆ ನಮ್ಮ ಸೆಕೆಯಲ್ಲಿ ಸುಮಾರು ಒಂದು ತಿಂಗಳು ಹಿಡಿಯುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಹೆಣ್ಣು 80 ಮೊಟ್ಟೆ ಇಟ್ಟಿತೆನ್ನಿ. ಅದರಲ್ಲಿ 40 ಹೆಣ್ಣು. ಎರಡನೆಯ ತಿಂಗಳಿಗೆ 3,200, ಮೂರನೆಯ ತಿಂಗಳಿಗೆ 1,28,000. ಎಲ್ಲವೂ ಬದುಕುವುದಿಲ್ಲ, ನಿಜ. ಆದರೆ ಫೆಬ್ರವರಿಯಲ್ಲಿ ಒಂದೂ ಕಾಣದ ಹುಳು ಮೇ ತಿಂಗಳಲ್ಲಿ ಚೀಲವನ್ನೇ ಹೊತ್ತುಕೊಂಡು ಹೋಗುವಂತೆ ಕಾಣುವುದು ಇದರಿಂದಲೇ. ದುಂಬಿ ಸ್ವತಃ ಕಾಳನ್ನು ತಿನ್ನುವುದಿಲ್ಲ; ಹತ್ತು ಹನ್ನೆರಡು ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ತಿನ್ನುವುದು ಒಳಗಿನ ಮರಿಹುಳು. ಆದ್ದರಿಂದ ಕಾಳನ್ನು ಜರಡಿ ಹಿಡಿದು ದುಂಬಿಯನ್ನು ತೆಗೆದರೆ ಅರ್ಧ ಕೆಲಸವೂ ಆಗುವುದಿಲ್ಲ. ಕಾಳಿನ ಮೇಲೆ ಅಂಟಿಕೊಂಡ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳನ್ನು ಬಿಸಿಲಿಗೆ ಹಿಡಿದು ನೋಡಿ, ಅವೇ ಮೊಟ್ಟೆಗಳು.

ಗಾಳಿ ಇಲ್ಲದಿದ್ದರೆ ಹುಳು ಏಕೆ ಸಾಯುತ್ತದೆ?

ನಾವು ಉಸಿರಾಡುವ ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕವಿದೆ. ಗಾಳಿಯಾಡದ ಚೀಲದಲ್ಲಿ ಕಾಳನ್ನು ಕಟ್ಟಿಟ್ಟರೆ ಒಳಗಿನ ಹುಳುಗಳೇ ಆ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತವೆ. ಅದು ಶೇ. 5ಕ್ಕಿಂತ ಕೆಳಗಿಳಿದರೆ ಮರಿಹುಳು ತಿನ್ನುವುದನ್ನೇ ನಿಲ್ಲಿಸುತ್ತದೆ. ಮುಂದೆ ಅದು ಸಾಯುವುದು ಬರಿಯ ಉಸಿರು ಕಟ್ಟಿಯಲ್ಲ, ಬಾಯಾರಿ. ಒಣಗಿದ ಕಾಳಿನೊಳಗೆ ಕುಡಿಯಲು ನೀರೆಲ್ಲಿದೆ? ತಿಂದ ಆಹಾರವನ್ನು ಆಮ್ಲಜನಕದೊಂದಿಗೆ ದಹಿಸಿಕೊಂಡು, ಅದರಿಂದ ಹುಟ್ಟುವ ನೀರಿನಲ್ಲಿಯೇ ಹುಳು ಬದುಕುತ್ತದೆ. ಆಮ್ಲಜನಕ ನಿಂತರೆ ನೀರೂ ನಿಂತಿತು.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞ ಲ್ಯಾರಿ ಮರ್ಡಾಕ್ ಮತ್ತು ಅವರ ಸಂಗಡಿಗರು 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನ್ ದೇಶದ ಅಲಸಂದೆ ಬೆಳೆಗಾರರಿಗಾಗಿ ಈ ತತ್ತ್ವದ ಮೇಲೆಯೇ ಮೂರು ಪದರದ ಚೀಲವನ್ನು ರೂಪಿಸಿದರು. ಒಳಗೆ ದಪ್ಪ ಪಾಲಿಥೀನಿನ ಎರಡು ಚೀಲ, ಹೊರಗೆ ನೇಯ್ದ ಪ್ಲಾಸ್ಟಿಕ್ ಚೀಲ, ಅಷ್ಟೆ. ಔಷಧವಿಲ್ಲ, ಪುಡಿಯಿಲ್ಲ.

50 ಕಿ.ಗ್ರಾಂ. ತೊಗರಿ ತುಂಬಿದ ಚೀಲದಲ್ಲಿ ಕಾಳಿನ ಸಂದುಗಳಲ್ಲೇ ಸುಮಾರು 25 ಲೀಟರ್ ಗಾಳಿ ಇರುತ್ತದೆ. ಅದರಲ್ಲಿ ಆಮ್ಲಜನಕ ಐದು ಲೀಟರಿನಷ್ಟು. ಹುಳು ಹೆಚ್ಚಿದ್ದರೆ ಅದು ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಹುಳು ಕಡಿಮೆಯಿದ್ದರೆ ನಿಧಾನವಾಗುತ್ತದೆ, ಆದರೆ ಆಗ ನಷ್ಟವೂ ಕಡಿಮೆಯೇ. ಚೀಲದ ಬಾಯಿಯಲ್ಲಿ ಖಾಲಿ ಜಾಗ ಬಿಟ್ಟು ಕಟ್ಟಿದರೆ ಮಾತ್ರ ಹುಳುವಿಗೆ ನೀವೇ ಹೆಚ್ಚಿನ ಉಸಿರು ಕೊಟ್ಟಂತೆ. ಯಂತ್ರದಿಂದ ಗಾಳಿ ಎಳೆದು ಬೆಸುಗೆ ಹಾಕುವ ನಿರ್ವಾತ ವಿಧಾನದಲ್ಲಿ ಈ ಕಾಯುವಿಕೆಯೇ ಇಲ್ಲ. ಮೊದಲ ದಿನದಿಂದಲೇ ಆಮ್ಲಜನಕ ಅತ್ಯಲ್ಪ.

ಹಗೇವಿನ ಪಾಠ

ಇದೆಲ್ಲ ಹೊರದೇಶದ ವಿದ್ಯೆ ಎಂದುಕೊಳ್ಳಬೇಡಿ. ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆಯ ಹಳೆಯ ಮನೆಗಳ ಅಂಗಳದಲ್ಲಿ ಹಗೇವುಗಳಿದ್ದವು. ನೆಲದೊಳಗೆ ಗುಂಡಿ ತೋಡಿ, ಸುತ್ತ ಒಣ ದಂಟು ಹುಲ್ಲು ಹೊಂದಿಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಂಕಣ ಜಿಲ್ಲೆಗಳಲ್ಲಿ ರಾಗಿಗೂ ಇದೇ ಪದ್ಧತಿ. ಬರಗಾಲಕ್ಕೆಂದು ವರ್ಷಗಟ್ಟಲೆ ಇಟ್ಟ ಧಾನ್ಯ ಉಳಿಯುತ್ತಿದ್ದುದು ಕಾಳೂ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕ ತೀರಿ, ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತಿದ್ದುದರಿಂದ.

ಹುಳುವನ್ನು ಕೊಂದ ಆ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಹಗೇವು ತೆಗೆದೊಡನೆ ಇಳಿದವನು ಮೇಲೆ ಬಾರದೆ, ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಅಲ್ಲಿಯೇ ಉಳಿದ ಕಥೆಗಳನ್ನು ಹಿರಿಯರಿಂದ ನೀವು ಕೇಳಿರಬಹುದು. ಅದಕ್ಕೇ ಅವರು ಕಲ್ಲು ಸರಿಸಿ ಬಹಳ ಹೊತ್ತು ಬಿಟ್ಟು, ಹಗ್ಗದಲ್ಲಿ ದೀಪ ಇಳಿಬಿಟ್ಟು ನೋಡುತ್ತಿದ್ದರು. ಆಮ್ಲಜನಕ ಶೇ. 16ರ ಆಸುಪಾಸಿಗೆ ಇಳಿದರೆ ದೀಪ ಆರುತ್ತದೆ. ದೀಪ ಆರಿದಲ್ಲಿ ಇಳಿಯಲೇಬಾರದು. ಉರಿಯಿತೆಂದು ಒಬ್ಬನೇ ಇಳಿಯುವುದೂ ತಪ್ಪು. ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರಬೇಕು. ಒಳಗೆ ಯಾರಾದರೂ ಬಿದ್ದರೆ ಅವರ ಹಿಂದೆ ಹಾರದೆ ಹಗ್ಗದಿಂದಲೇ ಎಳೆಯಬೇಕು. ಈಗಲೂ ಹಗೇವು ಉಳಿಸಿಕೊಂಡಿರುವ ಮನೆಗಳು ಇದನ್ನು ಮರೆಯಬಾರದು.

ಮೊದಲು ಒಣಗಿಸಿ

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿ.

ಗೋಣಿಚೀಲದಲ್ಲಿ ಇಟ್ಟ ಕಾಳು ಸ್ವಲ್ಪ ಹಸಿಯಿದ್ದರೂ ದಿನ ಕಳೆದಂತೆ ಒಣಗುತ್ತದೆ. ಗಾಳಿಯಾಡದ ಚೀಲದಲ್ಲಿ ಆ ಹಸಿಗೆ ಹೊರದಾರಿಯಿಲ್ಲ. ಒಳಗೇ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ, ಹುಳಿಯುತ್ತದೆ. ಬೀಜವಾದರೆ ಮೊಳಕೆ ಸಾಯುತ್ತದೆ. ಚೆನ್ನಾಗಿ ಒಣಗಿದ ಬೀಜದ ಉಸಿರಾಟ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೆ ಗಾಳಿ ಬೇಕಿಲ್ಲ. ಹಸಿ ಬೀಜಕ್ಕೆ ಬೇಕು.

ಇದನ್ನು ನಾನು ಪುಸ್ತಕದಿಂದ ಓದಿದ್ದೆ, ಆದರೆ ಕಲಿತದ್ದು ಒಬ್ಬ ರೈತ ಮಹಿಳೆಯ ಜಗಲಿಯಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಪ್ರಾತ್ಯಕ್ಷಿಕೆ ಏರ್ಪಡಿಸಿದ್ದೆ. ಎರಡು ದಿನ ಮೋಡ ಮುಚ್ಚಿತ್ತು. ತೇವಾಂಶ ಅಳೆಯುವ ಉಪಕರಣವನ್ನು ಕಚೇರಿಯಲ್ಲೇ ಮರೆತು ಹೋಗಿದ್ದೆ. ಆಕೆಯ ಅವರೆಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಆದೀತು ಎಂದು ಹೇಳಿ ಚೀಲ ಕಟ್ಟಿಸಿದೆ. ತವರಿನಿಂದ ತಂದು ವರ್ಷ ವರ್ಷವೂ ಉಳಿಸಿಕೊಂಡು ಬಂದ ನಾಟಿ ತಳಿ ಅದು. ಮುಂಗಾರಿಗೆ ಬಿಚ್ಚಿದಾಗ ಒಂದೂ ಹುಳುವಿರಲಿಲ್ಲ. ಹುಳಿ ವಾಸನೆಯಿತ್ತು. ನೂರು ಕಾಳು ನೆನೆಸಿದರೆ ಮೊಳೆತದ್ದು ಬೆರಳೆಣಿಕೆಯಷ್ಟು. "ಹುಳು ಬಿದ್ದಿದ್ದರೆ ಅರ್ಧವಾದರೂ ಉಳಿಯುತ್ತಿತ್ತಲ್ಲ ಸಾರ್" ಎಂದರು ಆಕೆ. ಕೋಪದಿಂದ ಹೇಳಲಿಲ್ಲ. ಪುಣ್ಯಕ್ಕೆ ಅದೇ ಬೀಜ ಹಿಂದಿನ ವರ್ಷ ಪಡೆದಿದ್ದ ನೆರೆಮನೆಯವರಲ್ಲಿ ಎರಡು ಸೇರು ಸಿಕ್ಕಿತು. ಅಂದಿನಿಂದ ಎರಡು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಅಳೆಯದೆ ಚೀಲ ಕಟ್ಟಿಸುವುದಿಲ್ಲ. ಯಾರ ಬೀಜವನ್ನೂ ಪೂರ್ತಿಯಾಗಿ ಒಂದೇ ವಿಧಾನಕ್ಕೆ ಒಪ್ಪಿಸಲು ಹೇಳುವುದಿಲ್ಲ. ಕಾಲು ಭಾಗವನ್ನಾದರೂ ನಿಮ್ಮ ಹಳೆಯ ರೀತಿಯಲ್ಲೇ ಇಟ್ಟುಕೊಳ್ಳಿ.

ಹಾಗಾದರೆ ಎಷ್ಟು ಒಣಗಬೇಕು? ನಮ್ಮ ದೇಶದ ಬೀಜ ಪ್ರಮಾಣೀಕರಣದ ನಿಯಮದಂತೆ ತೊಗರಿ ಬೀಜದಲ್ಲಿ ತೇವಾಂಶ ಸಾಮಾನ್ಯ ಚೀಲದಲ್ಲಾದರೆ ಶೇ. 9, ಆವಿ ಹಾಯದ ಚೀಲದಲ್ಲಾದರೆ ಶೇ. 8 ಮೀರಬಾರದು. ಮುಚ್ಚಿದ ಚೀಲಕ್ಕೆ ಇನ್ನೂ ಒಣಗಿದ ಬೀಜ ಬೇಕೆಂಬುದನ್ನು ಗಮನಿಸಿ. ಊಟದ ಕಾಳಿಗೆ ಶೇ. 9ರಿಂದ 10 ಸಾಕು. ಬೀಜವಿಜ್ಞಾನದಲ್ಲಿ ಹ್ಯಾರಿಂಗ್‌ಟನ್ ಎಂಬುವರ ಹೆಸರಿನ ಒಂದು ಸೂತ್ರವಿದೆ: ತೇವಾಂಶ ಶೇ. 1ರಷ್ಟು ಇಳಿದಂತೆಲ್ಲ ಬೀಜದ ಆಯುಸ್ಸು ಸುಮಾರು ಎರಡು ಪಟ್ಟಾಗುತ್ತದೆ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದಾಗಲೂ ಹಾಗೆಯೇ. ಹಾಗೆಂದು ದ್ವಿದಳ ಬೀಜವನ್ನು ಶೇ. 6ಕ್ಕಿಂತ ಕೆಳಗೆ ಒಣಗಿಸಲು ಹೋಗಬೇಡಿ. ಸಿಪ್ಪೆ ಬಿರಿಯುತ್ತದೆ, ಬಿತ್ತಿದಾಗ ನೀರನ್ನು ಥಟ್ಟನೆ ಹೀರಿ ಬೇಳೆ ಒಡೆಯುತ್ತದೆ.

ಒಂದು ಡಬ್ಬಿಯಲ್ಲಿ ಒಣ ಉಪ್ಪಿನ ಜೊತೆ ಕಾಳು ಹಾಕಿ ಕುಲುಕಿ, ಉಪ್ಪು ಗೋಡೆಗೆ ಅಂಟಿದರೆ ಹಸಿ ಎಂದು ತಿಳಿಯುವ ಪರೀಕ್ಷೆ ಕೆಲವರಿಗೆ ಗೊತ್ತು. ಅದು ಶೇ. 15ರ ಆಸುಪಾಸಿನ ತೇವವನ್ನು ಮಾತ್ರ ತೋರಿಸುತ್ತದೆ. ನಮ್ಮ ಕೆಲಸಕ್ಕೆ ಸಾಲದು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಾರುಕಟ್ಟೆ ಪ್ರಾಂಗಣಕ್ಕೋ ಅರ್ಧ ಕಿ.ಗ್ರಾಂ. ಕಾಳನ್ನು ಬಿಗಿಯಾದ ಡಬ್ಬಿಯಲ್ಲಿ ಒಯ್ದು ಅಳೆಯಿಸಿ. ಒಮ್ಮೆ ಅಳೆಯಿಸಿದರೆ ಉಳಿದದ್ದನ್ನು ತಕ್ಕಡಿಯೇ ಹೇಳುತ್ತದೆ. ಶೇ. 13ರ ತೇವವಿರುವ 100 ಕಿ.ಗ್ರಾಂ. ಕಾಳು ಶೇ. 9ಕ್ಕೆ ಇಳಿದಾಗ 95.6 ಕಿ.ಗ್ರಾಂ. ತೂಗುತ್ತದೆ. ಹತ್ತು ಕಿ.ಗ್ರಾಂ.ನ ಒಂದು ಗಂಟನ್ನು ಬೇರೆ ಇಟ್ಟು ಉಳಿದ ಕಾಳಿನೊಂದಿಗೇ ಹರಡಿ ಒಣಗಿಸಿ. ಅದು 9.56ಕ್ಕೆ ಬಂದಾಗ ರಾಶಿಯೂ ಬಂದಿರುತ್ತದೆ. ಮಾರುವ ಕಾಳನ್ನು ಹೀಗೆ ಒಣಗಿಸಿದರೆ ಕ್ವಿಂಟಾಲಿಗೆ 350 ರೂಪಾಯಿಯಷ್ಟು ತೂಕ ಬಿಸಿಲಿಗೆ ಹೋಯಿತೆಂದು ನೀವು ಕೊರಗಬಹುದು. ತಕ್ಷಣ ಮಾರುವುದಾದರೆ ಆ ಮಾತು ಒಪ್ಪತಕ್ಕದ್ದೇ. ಮಳೆಗಾಲದವರೆಗೆ ಇಡುವ ಕಾಳಿಗೆ ಅದು ಅನ್ವಯಿಸದು.

ಟಾರ್ಪಾಲಿನ ಮೇಲೆ ಎರಡು ಬೆರಳು ದಪ್ಪ ಹರಡಿ, ದಿನಕ್ಕೆ ನಾಲ್ಕೈದು ಬಾರಿ ಕೈಯಾಡಿಸಿ, ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚಿ. ಕಡೆಯ ದಿನ ಬಿಸಿಲಿನಿಂದ ತೆಗೆದ ಬಿಸಿ ಕಾಳನ್ನು ಹಾಗೆಯೇ ತುಂಬಬಾರದು. ನೆರಳಿನಲ್ಲಿ ಆರಿಸಿ, ಮೈ ತಣ್ಣಗಾದ ಮೇಲೆ ಅಂದೇ ಚೀಲಕ್ಕೆ ಹಾಕಿ. ರಾತ್ರಿಯಿಡೀ ಬಯಲಲ್ಲಿ ಬಿಟ್ಟರೆ ಹಗಲು ಕಳೆದುಕೊಂಡ ತೇವವನ್ನು ಮತ್ತೆ ಹೀರುತ್ತದೆ.

ಚೀಲ, ಯಂತ್ರ ಮತ್ತು ಬೆಸುಗೆ

ಅಂಗಡಿಯಲ್ಲಿ ಸಿಗುವ ತೆಳು ಪಾಲಿಥೀನ್ ಕೈಚೀಲ ಇದಕ್ಕೆ ನಡೆಯದು. ನೀರು ಸೋರದ ಮಾತ್ರಕ್ಕೆ ಅದು ಗಾಳಿಯನ್ನು ತಡೆಯುವುದಿಲ್ಲ. ಅದರ ಮೂಲಕ ಆಮ್ಲಜನಕ ಮೆಲ್ಲನೆ ಒಳನುಸುಳುತ್ತದೆ. ನಿರ್ವಾತ ಯಂತ್ರಕ್ಕೆ ನೈಲಾನ್ ಪದರ ಸೇರಿಸಿದ ಬಹುಪದರದ ಚೀಲವೋ ಅಲ್ಯೂಮಿನಿಯಂ ಹಾಳೆಯ ಚೀಲವೋ ಬೇಕು. ಅಡುಗೆಮನೆಗೆಂದು ಮಾರುವ ಸಣ್ಣ ಯಂತ್ರ ಒಂದೆರಡು ಕಿ.ಗ್ರಾಂ. ಬೀಜದ ಪೊಟ್ಟಣಗಳಿಗೆ ಸಾಕು. ಅದಕ್ಕೆ ಒಳಮೈ ಗೆರೆಗೆರೆಯಾಗಿರುವ ಚೀಲವೇ ಬೇಕು, ನುಣುಪಾದ ಚೀಲದಿಂದ ಅದು ಗಾಳಿಯನ್ನು ಎಳೆಯಲಾರದು. ಪೆಟ್ಟಿಗೆಯೊಳಗೆ ಚೀಲವಿಟ್ಟು ಗಾಳಿ ತೆಗೆಯುವ ದೊಡ್ಡ ಯಂತ್ರ ದುಬಾರಿ. ಒಬ್ಬ ರೈತ ಕೊಳ್ಳುವಂಥದ್ದಲ್ಲ. ರೈತ ಉತ್ಪಾದಕ ಸಂಘವೋ ಸ್ತ್ರೀಶಕ್ತಿ ಗುಂಪೋ ಇಟ್ಟುಕೊಂಡು ಸುಗ್ಗಿಯಲ್ಲಿ ಬಾಡಿಗೆಗೆ ನಡೆಸಬಹುದು.

ಬೆಸುಗೆ ಹಾಕುವ ಜಾಗದಲ್ಲಿ ಕಾಳಿನ ದೂಳು ಕುಳಿತಿದ್ದರೆ ಬೆಸುಗೆ ಹಿಡಿಯದು. ಒಣಬಟ್ಟೆಯಿಂದ ಒರೆಸಿ, ಒಂದು ಬೆರಳಿನ ಅಂತರದಲ್ಲಿ ಎರಡು ಗೆರೆ ಬೆಸುಗೆ ಹಾಕಿ. ಸರಿಯಾಗಿ ನಿರ್ವಾತವಾದ ಪೊಟ್ಟಣ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಕಾಳಿನ ಗುರುತುಗಳು ಹೊರಗೆ ಕಾಣುತ್ತವೆ. ಈ ವಿಧಾನದ ದೊಡ್ಡ ಅನುಕೂಲವೇ ಇದು. ವಾರಕ್ಕೊಮ್ಮೆ ಕೈಯಿಂದ ಒತ್ತಿದರೆ ಸಾಕು, ಮೆತ್ತಗಾದ ಪೊಟ್ಟಣ ಸೋರಿದೆಯೆಂದು ಬಿಚ್ಚದೆಯೇ ತಿಳಿಯುತ್ತದೆ. ತೊಗರಿ, ಅವರೆಗಳ ಮೈ ನುಣುಪು. ಭತ್ತದ ಮೀಸೆ, ಶೇಂಗಾಕಾಯಿಯ ಮೂತಿ ಚೀಲವನ್ನು ಚುಚ್ಚುತ್ತವೆ. ಅವಕ್ಕೆ ಒಳಗೊಂದು ಬಟ್ಟೆಚೀಲ ಬೇಕು.

50 ಕಿ.ಗ್ರಾಂ. ಚೀಲಗಳಿಗೆ ಮೂರು ಪದರದ ಚೀಲವೇ ವಾಸಿ. ಒಳಚೀಲಕ್ಕೆ ಸ್ವಲ್ಪ ಸ್ವಲ್ಪವಾಗಿ ತುಂಬುತ್ತ ಕುಲುಕಿ ಅಡಕ ಮಾಡಿ, ಮೇಲಿನ ಗಾಳಿಯನ್ನು ಕೈಯಿಂದ ಒತ್ತಿ ಹೊರಡಿಸಿ, ಬಾಯನ್ನು ಹುರಿಯಂತೆ ತಿರುಚಿ ಮಡಚಿ ಕಟ್ಟಿ. ಎರಡನೆಯ ಚೀಲವನ್ನೂ ಹಾಗೆಯೇ ಪ್ರತ್ಯೇಕವಾಗಿ ಕಟ್ಟಿ, ಕಡೆಗೆ ಹೊರಚೀಲ. ಮನೆಯಲ್ಲಿ ಕಸ ಎಳೆಯುವ ವಿದ್ಯುತ್ ಯಂತ್ರವಿದ್ದರೆ ಅದರ ಕೊಳವೆಯ ತುದಿಗೆ ತೆಳುಬಟ್ಟೆ ಸುತ್ತಿ ಗಾಳಿ ಎಳೆದರೆ ಇನ್ನೂ ಒಳ್ಳೆಯದು. ತಗಡಿನ ಕಣಜವಿದ್ದವರು ಕಾಳನ್ನು ಕಂಠದವರೆಗೆ ತುಂಬಿ ಮುಚ್ಚಳದ ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದುಕೊಳ್ಳಬಹುದು.

ಯಾವ ಚೀಲವಾದರೂ ಇಲಿಗೆ ಅದು ಬರಿಯ ಪ್ಲಾಸ್ಟಿಕ್. ಒಂದು ತೂತು ಬಿದ್ದರೆ ಎಲ್ಲ ಶ್ರಮವೂ ಹೋಯಿತು. ಗೋಡೆಯಿಂದ ಎರಡಡಿ ದೂರ, ಮರದ ಹಲಗೆಯ ಮೇಲೆ ಇಡಿ. ಬೀಜದ ಪೊಟ್ಟಣಗಳನ್ನು ತಗಡಿನ ಪೆಟ್ಟಿಗೆಯೊಳಗೆ ಇಡಿ.

ಬೇರೆ ಮಾಲಿಗೆ ಬೇರೆ ಲೆಕ್ಕ

ತೊಗರಿಯಲ್ಲಿ ಗಾಳಿ ತೆಗೆಯುವುದು ಹುಳುವಿಗಾಗಿ. ಕೆಲವು ಮಾಲಿಗೆ ಆಮ್ಲಜನಕವೇ ನೇರ ಶತ್ರು. ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂವು ಇದಕ್ಕೆ ಒಳ್ಳೆಯ ಉದಾಹರಣೆ. ಜರ್ಮನಿಯ ಹಾಲರ್ಟೌ, ಅಮೆರಿಕದ ಯಾಕಿಮಾ ಕಣಿವೆಗಳಲ್ಲಿ ಅದನ್ನು ವರ್ಷಕ್ಕೊಮ್ಮೆ ಕೊಯ್ದು ಒಣಗಿಸುತ್ತಾರೆ. ಆ ದೇಶಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರು ಸುಗ್ಗಿಯಲ್ಲಿ ಸಗಟಾಗಿ ಕೊಂಡು, ಸಣ್ಣ ಪೊಟ್ಟಣಗಳಲ್ಲಿ ಗಾಳಿ ತೆಗೆದು ಬೆಸೆದು, ಹಿಮಪೆಟ್ಟಿಗೆಯಲ್ಲಿ ಇಡುತ್ತಾರೆ. ಗಾಳಿ ಸೋಕಿದರೆ ಹೂವಿನ ಕಹಿ ಆಮ್ಲವೂ ಸುಗಂಧತೈಲವೂ ಕೆಟ್ಟು ಹಳೆಯ ಗಿಣ್ಣಿನಂಥ ವಾಸನೆ ಬರುತ್ತದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಮಾಸುವುದೂ, ಶೇಂಗಾಬೀಜ ಕನಟು ಹಿಡಿಯುವುದೂ ಇದೇ ಕಾರಣದಿಂದ. ಇವುಗಳಿಗೆ ಗಾಳಿಯ ಜೊತೆ ಬೆಳಕು, ಸೆಕೆಯನ್ನೂ ದೂರವಿಡಬೇಕು. ತೊಗರಿಯಂತೆ ಚೀಲ ಕಟ್ಟಿ ಅಟ್ಟಕ್ಕೆ ಹಾಕಿದರೆ ಸಾಲದು.

ಮಾತ್ರೆಯ ಬಗ್ಗೆ ಒಂದು ಮಾತು

ಕಾಳಿನ ಚೀಲದಲ್ಲಿ ಹುಳುವಿನ ಮಾತ್ರೆ ಇಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವಕ್ಕೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದನ್ನು ತರಬೇತಿ ಪಡೆದವರು ಗೋದಾಮಿನಲ್ಲಿ ಬಳಸಬೇಕೇ ಹೊರತು ಮನೆಯಲ್ಲಿ ಅಲ್ಲ. ಕಾಳಿನ ಚೀಲದ ಪಕ್ಕದಲ್ಲೇ ಮಕ್ಕಳು ಮಲಗುವ ನಮ್ಮ ಮನೆಗಳಲ್ಲಂತೂ ಇದು ಜೀವಕ್ಕೇ ಕುತ್ತು. ಅದಕ್ಕೆ ಮನೆಮದ್ದು ಇಲ್ಲ. ಮಾತ್ರೆಯ ಹತ್ತಿರ ಮಲಗಿದ್ದವರಿಗೆ ವಾಂತಿ, ಎದೆಬಿಗಿತ, ಉಸಿರಾಟದ ತೊಂದರೆ ಕಂಡರೆ ಹೊರಗಾಳಿಗೆ ತಂದು ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಗಾಳಿಯಾಡದ ಚೀಲದ ಒಳಗೂ ಮಾತ್ರೆ ಹಾಕಬೇಡಿ, ಅಗತ್ಯವೇ ಇಲ್ಲ.

ಯಂತ್ರವೂ ಇಲ್ಲ, ಚೀಲವೂ ಸಿಗಲಿಲ್ಲ ಎನ್ನುವವರು ಹಳೆಯ ಉಪಾಯಗಳನ್ನು ಕೈಬಿಡಬೇಕಿಲ್ಲ. ಡಬ್ಬಿಯ ಕಾಳಿನ ಮೇಲೆ ಎರಡು ಬೆರಳು ದಪ್ಪ ಒಣ ಮರಳು ಹರಡಿದರೆ ದುಂಬಿ ಅದನ್ನು ದಾಟಿ ಮೊಟ್ಟೆಯಿಡಲಾರದು. ಕೆಮ್ಮಣ್ಣು ಹಚ್ಚಿ ಒಣಗಿಸಿದ ತೊಗರಿಗೂ, ಕಿ.ಗ್ರಾಂ.ಗೆ 5 ಮಿ.ಲೀ. ಹರಳೆಣ್ಣೆ ಸವರಿದ ಕಾಳಿಗೂ ಹುಳು ಕಡಿಮೆ. ಊಟದ ತೊಗರಿಯನ್ನು ಬೇಗನೆ ಬೇಳೆ ಮಾಡಿಸಿಕೊಂಡರೆ ಈ ದುಂಬಿಯ ಕಾಟವೇ ಬಹುಮಟ್ಟಿಗೆ ತಪ್ಪುತ್ತದೆ, ಅದು ಒಡೆದ ಬೇಳೆಯಲ್ಲಿ ಚೆನ್ನಾಗಿ ಬೆಳೆಯಲಾರದು.

ಬಿಚ್ಚುವಾಗ

ಕಟ್ಟಿದ ಚೀಲವನ್ನು ಮೊದಲ ಎರಡು ತಿಂಗಳು ಬಿಚ್ಚಬೇಡಿ. ಹುಳುವಿನ ಕೆಲವು ಹಂತಗಳು ಕಡಿಮೆ ಆಮ್ಲಜನಕವನ್ನು ಉಳಿದವಕ್ಕಿಂತ ಹೆಚ್ಚು ದಿನ ತಾಳುತ್ತವೆ. ಹೇಗಿದೆಯೋ ನೋಡೋಣವೆಂದು ವಾರಕ್ಕೊಮ್ಮೆ ಬಾಯಿ ತೆರೆದರೆ ಪ್ರತಿ ಬಾರಿಯೂ ಹೊಸ ಉಸಿರು ಕೊಟ್ಟಂತೆ. ದಿನಬಳಕೆಯ ಕಾಳನ್ನು ಮೊದಲೇ ಐದೈದು ಕಿ.ಗ್ರಾಂ. ಮಾಡಿ ಬೇರೆ ಬೇರೆ ಕಟ್ಟಿ, ಒಂದು ಮುಗಿದ ಮೇಲೆ ಇನ್ನೊಂದನ್ನು ಬಿಚ್ಚಿ. ಖಾಲಿಯಾದ ಒಳಚೀಲಕ್ಕೆ ಗಾಳಿ ತುಂಬಿ ನೀರಿನಲ್ಲಿ ಅದ್ದಿ ನೋಡಿ, ಗುಳ್ಳೆ ಬಾರದಿದ್ದರೆ ಒಣಗಿಸಿ ಮುಂದಿನ ವರ್ಷಕ್ಕೂ ಇಡಬಹುದು.

ಬೀಜದ ಪೊಟ್ಟಣವನ್ನು ಬಿತ್ತನೆಗೆ ಎರಡು ವಾರ ಮೊದಲೇ ಬಿಚ್ಚಿ. ಆರಿಸದೆ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು ಸುರುಳಿ ಸುತ್ತಿ, ನೆರಳಿನಲ್ಲಿ ಆರು ದಿನ ಪಸೆ ಆರದಂತೆ ನೋಡಿಕೊಳ್ಳಿ. ತೊಗರಿಯಲ್ಲಿ 75 ಮೊಳೆತರೆ ಬೀಜ ಪ್ರಮಾಣೀಕರಣದ ಮಟ್ಟಕ್ಕೆ ಸರಿಹೋಯಿತು. 60 ಮಾತ್ರ ಮೊಳೆತರೆ ಎಕರೆಗೆ ಹಾಕುವ ಬೀಜವನ್ನು ಕಾಲು ಭಾಗ ಹೆಚ್ಚಿಸಿ. 50ಕ್ಕಿಂತ ಕಡಿಮೆಯಾದರೆ ಆ ಬೀಜ ಅಡುಗೆಗೆ ಇರಲಿ; ಬೇರೆ ಬೀಜ ಹುಡುಕಲು ನಿಮಗಿನ್ನೂ ಒಂದು ವಾರ ಉಳಿದಿರುತ್ತದೆ.